ಸ್ಯಾಗ್: ಗಿಟಾರ್ ಆಂಪ್‌ನ ‘ಫೀಲ್’ ಎಲ್ಲಿಂದ ಬರುತ್ತೆ?

ಊರಲ್ಲಿ ಬೋರ್‌ವೆಲ್ ಮೋಟರ್ ಆನ್ ಮಾಡಿದ ಕ್ಷಣ ಮನೆಯ ಬಲ್ಬ್ ಒಮ್ಮೆ ಮಂಕಾಗಿ ಮತ್ತೆ ಸರಿಹೋಗೋದನ್ನ ನಾವೆಲ್ಲ ನೋಡಿದ್ದೀವಿ. ಮೋಟರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತೆ, ತಂತಿಯ ರೆಸಿಸ್ಟೆನ್ಸ್‌ನಲ್ಲಿ ವೋಲ್ಟೇಜ್ ಬೀಳುತ್ತೆ. ವಾಲ್ವ್ ಗಿಟಾರ್ ಆಂಪ್ ಒಳಗೂ ಇಂಥದ್ದೇ ನಡೆಯುತ್ತೆ. ಅದರ ಹೆಸರು ‘ಸ್ಯಾಗ್’.

ತಂತಿಗಳನ್ನ ಜೋರಾಗಿ ಮೀಟಿದಾಗ ಔಟ್‌ಪುಟ್ ವಾಲ್ವ್‌ಗಳು ಹೆಚ್ಚು ಕರೆಂಟ್ ಕೇಳುತ್ತವೆ. ಸುಮಾರು 400 ವೋಲ್ಟ್ ಇದ್ದ ಸಪ್ಲೈ ಸ್ವಲ್ಪ ಕುಸಿಯುತ್ತೆ. ಹಾಗಾಗಿ ಸ್ವರದ ಮೊದಲ ಏಟು ತುಸು ಅದುಮಿದಂತಾಗಿ, ಆಮೇಲೆ ಅರಳುತ್ತೆ. ನುಡಿಸುವವರ ಬೆರಳಿಗೆ ಆಂಪ್ ಮೆತ್ತಗಿದೆ ಅನ್ನಿಸೋದು ಇದರಿಂದಲೇ.

ವಾಲ್ವೋ, ಡಯೋಡೋ?

ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಆಗಿದ್ದರೆ ಅದರ ಒಳಗಿನ ರೆಸಿಸ್ಟೆನ್ಸ್ ಹೆಚ್ಚು, ಸ್ಯಾಗ್ ಕೂಡ ಹೆಚ್ಚು. ಸಿಲಿಕಾನ್ ಡಯೋಡ್ ಆದರೆ ಸಪ್ಲೈ ಬಿಗಿಯಾಗಿ ನಿಲ್ಲುತ್ತೆ. ಮಾರ್ಷಲ್‌ನ ಜೆಟಿಎಂ45ರಲ್ಲಿ ಜಿಝಡ್34 ವಾಲ್ವ್ ಇತ್ತು. ಕಂಪನಿ ಆಮೇಲೆ ಡಯೋಡ್‌ಗೆ ಹೋಯಿತು. 1990ರ ದಶಕದ ಮೆಸಾ ಬೂಗಿ ಡ್ಯುಯಲ್ ರೆಕ್ಟಿಫೈಯರ್‌ನಲ್ಲಿ ಎರಡರಲ್ಲಿ ಒಂದನ್ನ ಆರಿಸಿಕೊಳ್ಳೋಕೆ ಸ್ವಿಚ್ಚೇ ಇದೆ.

ನಾವು ಮಾಡಿದ ಲೆಕ್ಕ, ಮರೆತ ಲೆಕ್ಕ

ನಮ್ಮ ಸೀನಿಯರ್ ಒಬ್ಬರು ಕಟ್ಟಿದ ಆಂಪ್‌ನಲ್ಲಿ ಡಯೋಡ್ ಇತ್ತು. ಡಯೋಡ್ ಮತ್ತು ಮೊದಲ ಕೆಪಾಸಿಟರ್ ನಡುವೆ 100 ಓಮ್ ರೆಸಿಸ್ಟರ್ ಹಾಕೋಣ ಅಂದುಕೊಂಡೆವು. ಸುಮ್ಮನಿದ್ದಾಗ 80 ಮಿಲಿಆಂಪಿಯರ್, ಜೋರಾಗಿ ನುಡಿಸಿದಾಗ 200. ಅಂದರೆ ರೆಸಿಸ್ಟರ್ ಮೇಲೆ ಬೀಳೋದು 8 ವೋಲ್ಟ್‌ನಿಂದ 20ಕ್ಕೆ ಏರುತ್ತೆ. ಟ್ರಾನ್ಸ್‌ಫಾರ್ಮರ್‌ನ ಸ್ವಂತ ಕುಸಿತ ಇದಕ್ಕೆ ಸೇರುತ್ತೆ. ಖುಷಿಯಾಗಿ ಕೈಗೆ ಸಿಕ್ಕ ಅರ್ಧ ವ್ಯಾಟ್ ರೆಸಿಸ್ಟರ್ ಬೆಸುಗೆ ಹಾಕಿದೆವು. ಎರಡನೇ ಹಾಡಿಗೇ ಸುಟ್ಟ ವಾಸನೆ!

ಲ್ಯಾಬ್ ಸರ್ ಬಂದು ನೋಡಿ ಕೇಳಿದ್ದು ಒಂದೇ ಮಾತು: “ಓಮ್ ಲೆಕ್ಕ ಹಾಕಿದ್ರಿ, ವ್ಯಾಟ್ ಲೆಕ್ಕ ಯಾರು ಹಾಕ್ತಾರಪ್ಪಾ?”

ಕರೆಂಟ್‌ನ ವರ್ಗವನ್ನ ರೆಸಿಸ್ಟೆನ್ಸ್‌ನಿಂದ ಗುಣಿಸಿದರೆ ಸುಮ್ಮನಿದ್ದಾಗಲೇ 0.64 ವ್ಯಾಟ್, ಜೋರಿನಲ್ಲಿ 4 ವ್ಯಾಟ್. ಡಯೋಡ್‌ನಿಂದ ಕರೆಂಟ್ ತುಣುಕು ತುಣುಕಾಗಿ ಬರೋದರಿಂದ ನಿಜವಾದ ಬಿಸಿ ಇನ್ನೂ ಹೆಚ್ಚು. ಕೊನೆಗೆ 25 ವ್ಯಾಟ್‌ನ ವೈರ್‌ವೌಂಡ್ ರೆಸಿಸ್ಟರ್ ಹಾಕಿದೆವು. ಈಗ ಬ್ಲೂಸ್ ನುಡಿಸೋ ಗೆಳೆಯನಿಗೆ ಖುಷಿ. ಮೆಟಲ್ ನುಡಿಸೋ ಗೆಳೆಯ ಮಾತ್ರ “ಏಟೇ ಬೀಳ್ತಿಲ್ಲ ಕಣ್ರೋ” ಅಂತಾನೆ. ಇಬ್ಬರೂ ಹೇಳೋದು ಸರಿ.

ಕೆಪಾಸಿಟರ್ ಅನ್ನೋ ಟ್ಯಾಂಕ್

ಫಿಲ್ಟರ್ ಕೆಪಾಸಿಟರ್ ನಮ್ಮ ಹಾಸ್ಟೆಲ್ ಮೇಲಿನ ನೀರಿನ ಟ್ಯಾಂಕ್ ಥರ. ಚಿಕ್ಕದಾದರೆ ಬೇಗ ಖಾಲಿ, ಸ್ಯಾಗ್ ಬೇಗ ಕಾಣುತ್ತೆ. ಆದರೆ 100 ಹರ್ಟ್ಜ್‌ನ ಗುಂಯ್ ಸದ್ದೂ ಏರುತ್ತೆ. ದೊಡ್ಡದು ಹಾಕೋಕೂ ಮಿತಿ ಇದೆ: ಜಿಝಡ್34ರ ಡೇಟಾಶೀಟ್ ಪ್ರಕಾರ ಮೊದಲ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ದಾಟಬಾರದು.

ಇದನ್ನ ಓದದೆ ಸ್ಕ್ರೂ ಬಿಚ್ಚಬೇಡಿ

ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. 400 ವೋಲ್ಟ್‌ನಲ್ಲಿರುವ 50 ಮೈಕ್ರೋಫ್ಯಾರಡ್ ಅಂದರೆ 4 ಜೌಲ್. ಅದು ಪ್ರಾಣಕ್ಕೇ ಅಪಾಯ. ಪ್ಲಗ್ ಕಿತ್ತು, ಇನ್ಸುಲೇಟೆಡ್ ಕ್ಲಿಪ್ ಇರುವ 10 ಕಿಲೋಓಮ್, 10 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆಯ ಹತ್ತಿರ ಬಂದದ್ದನ್ನ ನೋಡಿಯೇ ಕೈ ಹಾಕಿ. ಮೊದಲ ಸಲ ಗೊತ್ತಿರುವವರನ್ನ ಪಕ್ಕದಲ್ಲಿ ಇಟ್ಟುಕೊಳ್ಳಿ. ನಮಗೆ ಸುಟ್ಟಿದ್ದು ಬರೀ ಒಂದು ರೆಸಿಸ್ಟರ್. ಅಷ್ಟರಲ್ಲೇ ಪಾಠ ಮುಗಿದದ್ದು ನಮ್ಮ ಪುಣ್ಯ.