ದವಡೆಯ ಗಂಟು, ಕುತ್ತಿಗೆಯ ಗ್ರಂಥಿ

ಬೆಂಗಳೂರಿನ ಚಾಮರಾಜಪೇಟೆ ಪಕ್ಕದ ಕೋಟೆ ಪ್ರದೇಶದಲ್ಲಿ 1958ರಲ್ಲಿ ಶುರುವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಇಂಥ ಕಡೆಗೆ ಬರುವ ದವಡೆಯ ಊತವೆಲ್ಲ ಹಲ್ಲಿನದೇ ಆಗಿರಬೇಕಿಲ್ಲ; ಮೂಲ ಕುತ್ತಿಗೆಯಲ್ಲೂ ಇರಬಹುದು.

ಥೈರಾಯ್ಡ್ ಹಿಂಬದಿಯ ಪ್ಯಾರಾಥೈರಾಯ್ಡ್ ಗ್ರಂಥಿಗಳು (ಸಾಮಾನ್ಯವಾಗಿ 4) ಅತಿಯಾಗಿ ಸ್ರವಿಸಿದರೆ ಮೂಳೆ ಕರಗಿ ಕ್ಯಾಲ್ಸಿಯಂ ರಕ್ತ ಸೇರುತ್ತದೆ. ಎಕ್ಸ್‌ರೇಯಲ್ಲಿ ಹಲ್ಲಿನ ಬೇರಿನ ಸುತ್ತಲ ಬಿಳಿ ಗೆರೆ, ಅಂದರೆ ಲ್ಯಾಮಿನಾ ಡ್ಯೂರಾ, ಮಾಯವಾಗಬಹುದು. ಕೆಲವರ ದವಡೆಯಲ್ಲಿ ‘ಬ್ರೌನ್ ಟ್ಯೂಮರ್’ ಎಂಬ ಕಂದು ಗಂಟು ಮೂಡುತ್ತದೆ. ಹೆಸರು ನೋಡಿ ಕ್ಯಾನ್ಸರ್ ಎಂದು ಗುರುತು ಹಾಕಬೇಡಿ: ಆ ಕಂದು, ಒಳಗೆ ಸೋರಿದ ರಕ್ತ ಉಳಿಸಿದ ಹಿಮೋಸಿಡೆರಿನ್ ಎಂಬ ವರ್ಣದ್ರವ್ಯದ್ದು. ಸೂಕ್ಷ್ಮದರ್ಶಕದಲ್ಲಿ ಇದು ದೈತ್ಯಕೋಶ ಗ್ರ್ಯಾನ್ಯುಲೋಮಾದಂತೆಯೇ ಕಾಣುವುದರಿಂದ ರಕ್ತದ ಕ್ಯಾಲ್ಸಿಯಂ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಪರೀಕ್ಷೆ ಅಗತ್ಯ. ಮೂತ್ರಪಿಂಡ ವೈಫಲ್ಯದಲ್ಲೂ ಈ ಗಂಟು ಬರುತ್ತದೆ. ಆಗ ಕ್ಯಾಲ್ಸಿಯಂ ಏರಿರಲೇಬೇಕೆಂದಿಲ್ಲ.

ಗ್ರಂಥಿ ಸರಿಪಡಿಸಿದರೆ ಗಂಟು ಹಲವರಲ್ಲಿ ತಾನಾಗಿ ಕುಗ್ಗುತ್ತದೆ. 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮ್ಯಾಂಡಲ್ ಗ್ರಂಥಿಯ ಈ ಅತಿಸ್ರಾವಕ್ಕೆ ಮೊದಲ ಯಶಸ್ವಿ ಶಸ್ತ್ರಚಿಕಿತ್ಸೆ ಮಾಡಿದರು.