ನಾಯಿ ಕಚ್ಚಿದ ಗಾಯವನ್ನು ಮಗು ಮುಚ್ಚಿಟ್ಟರೆ



ತುಮಕೂರು ರಸ್ತೆಯ ಮಾಕಳಿಯಲ್ಲೋ, ಅದರ ಆಚೀಚಿನ ಮಾದಾವರ, ಮಾದನಾಯಕನಹಳ್ಳಿಗಳಲ್ಲೋ ನಿಮ್ಮ ಮನೆಯಿದೆ ಎಂದಿಟ್ಟುಕೊಳ್ಳಿ. ಎಂಟು ವರ್ಷದ ನಿಮ್ಮ ಮಗ ಮಗ್ರಿಬ್ ಬಳಿಕ ಮದ್ರಸದಿಂದ ಮರಳುತ್ತಿದ್ದಾನೆ. ಹೆದ್ದಾರಿಯ ಸರ್ವಿಸ್ ರಸ್ತೆಯಿಂದ ಒಳಬೀದಿಗೆ ತಿರುಗುವಲ್ಲಿ, ಕೋಳಿ ಅಂಗಡಿಯ ಹಿಂದೆ ನಾಲ್ಕಾರು ನಾಯಿಗಳು. ಒಂದು ಬೊಗಳುತ್ತದೆ, ಹುಡುಗ ಓಡುತ್ತಾನೆ. ಓಡಿದವನನ್ನು ನಾಯಿ ಅಟ್ಟಿಸಿಕೊಂಡು ಬಂದು ಮೀನಖಂಡಕ್ಕೆ ಬಾಯಿ ಹಾಕುತ್ತದೆ. ದೊಡ್ಡ ಗಾಯವೇನಲ್ಲ, ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ. ಮನೆಗೆ ಬಂದವನು ಪೈಜಾಮವನ್ನು ಕೆಳಕ್ಕೆ ಜಗ್ಗಿ ಗಾಯವನ್ನು ಮುಚ್ಚಿಕೊಳ್ಳುತ್ತಾನೆ. ಊಟ ಮಾಡಿ ಮಲಗುತ್ತಾನೆ. ಯಾರಿಗೂ ಹೇಳುವುದಿಲ್ಲ.

ಅವನು ಏಕೆ ಹೇಳಲಿಲ್ಲ? ಈ ಪ್ರಶ್ನೆಯನ್ನು ನಾವು ಹೆತ್ತವರು ನಮ್ಮ ಮೇಲೆಯೇ ಹಾಕಿಕೊಳ್ಳಬೇಕಾಗಿದೆ. "ಆ ದಾರಿಯಲ್ಲಿ ಯಾಕೆ ಹೋದೆ?" ಎಂಬ ಗದರಿಕೆ ಅವನಿಗೆ ಗೊತ್ತು. "ನಾಯಿ ಮುಟ್ಟಿತೇ? ಮುಸಲ್ಲಾದ ಮೇಲೆ ಕೂರಬೇಡ, ಬಟ್ಟೆಯೆಲ್ಲ ನಜೀಸ್ ಆಯಿತು" ಎಂಬ ಕೂಗೂ ಗೊತ್ತು. ಇನ್ನು ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಅಜ್ಜಿ ಹೇಳಿದ ಕಥೆಯಂತೂ ಅವನ ನಿದ್ದೆ ಕೆಡಿಸಲು ಸಾಕು. ನಾಯಿಗಿಂತ ಹೆಚ್ಚಾಗಿ ಅವನು ಮನೆಗೇ ಹೆದರಿದ್ದಾನೆ.

ಹುಚ್ಚುನಾಯಿ ರೋಗದ, ಅಂದರೆ ರೇಬೀಸಿನ ಸ್ವಭಾವ ತಿಳಿದವರಿಗೆ ಈ ಮೌನ ಎಷ್ಟು ಭಯಂಕರವೆಂಬುದು ಅರ್ಥವಾಗುತ್ತದೆ. ಕಚ್ಚಿದ ನಾಯಿಯ ಜೊಲ್ಲಿನಲ್ಲಿರುವ ವೈರಸ್ ಗಾಯದಿಂದ ನರಗಳನ್ನು ಸೇರಿ, ನಿಧಾನವಾಗಿ ಮೆದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ಒಂದು ವರ್ಷ. ಅಷ್ಟರಲ್ಲಿ ಗಾಯ ಮಾಗಿ ಕಲೆಯೂ ಮಾಸಿರುತ್ತದೆ. ರೋಗ ತಲೆಯೆತ್ತಿದ ನಂತರ, ನೀರು ಕಂಡರೆ ಗಂಟಲು ಬಿಗಿಯಲಾರಂಭಿಸಿದ ನಂತರ ವೈದ್ಯರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬದುಕಿ ಉಳಿದವರು ಬೆರಳೆಣಿಕೆಯವರು. ಆದರೆ ಕಚ್ಚಿದೊಡನೆ ಸರಿಯಾದ ಚಿಕಿತ್ಸೆ ದೊರೆತರೆ ಇದರಷ್ಟು ಖಚಿತವಾಗಿ ತಡೆಯಬಹುದಾದ ಮಾರಕ ರೋಗ ಇನ್ನೊಂದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022-23ರಲ್ಲಿ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ 5,726 ಮಂದಿ ಇದರಿಂದ ಸಾಯುತ್ತಾರೆ. ಹಿಂದಿನ ಅಂದಾಜುಗಳು ಇದರ ಮೂರ್ನಾಲ್ಕು ಪಟ್ಟು ಇದ್ದವು. ಜಗತ್ತಿನಲ್ಲಿ ಇದಕ್ಕೆ ಬಲಿಯಾಗುವವರಲ್ಲಿ ಹತ್ತಕ್ಕೆ ನಾಲ್ವರು ಹದಿನೈದು ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

2025ರ ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ನಮ್ಮದೇ ಸಮುದಾಯದ ನಾಲ್ಕು ವರ್ಷದ ಹೆಣ್ಣುಮಗುವೊಂದಕ್ಕೆ ಬೀದಿನಾಯಿ ಕಚ್ಚಿತು. ಆಗಸ್ಟ್‌ನಲ್ಲಿ ಆ ಮಗು ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯಿತು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಆ ತಂದೆತಾಯಿ ಏನನ್ನೂ ಮುಚ್ಚಿಟ್ಟವರಲ್ಲ, ಮಗುವನ್ನು ಆಸ್ಪತ್ರೆಗೆ ಹೊತ್ತೊಯ್ದವರೇ. ಅವರ ಮೇಲೆ ಬೆರಳು ತೋರಿಸುವ ಹಕ್ಕು ಯಾರಿಗೂ ಇಲ್ಲ. ನಾವು ಗಮನಿಸಬೇಕಾದುದು ಏಪ್ರಿಲ್ ಮತ್ತು ಆಗಸ್ಟ್ ನಡುವಿನ ಆ ಅಂತರವನ್ನು. ನಾಲ್ಕು ತಿಂಗಳಲ್ಲಿ ಯಾವ ಮನೆಯವರಾದರೂ ಒಂದು ಕಡಿತವನ್ನು ಮರೆತುಬಿಡಬಹುದು.

ಶುದ್ಧಿ ಮೊದಲೋ, ಜೀವ ಮೊದಲೋ?

ನಾಯಿಯ ಜೊಲ್ಲಿನ ಅಶುದ್ಧಿಯ ಕುರಿತು ನಮ್ಮ ಮನೆಗಳಲ್ಲಿರುವ ಎಚ್ಚರ ಆಧಾರವಿಲ್ಲದ್ದಲ್ಲ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಬಾರಿ, ಅದರಲ್ಲಿ ಒಂದು ಬಾರಿ ಮಣ್ಣಿನಿಂದ ತೊಳೆಯಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಮುಸ್ಲಿಮ್). ಕರಾವಳಿಯ ಶಾಫಿಈ ಮನೆಗಳಲ್ಲಿ ಈ ನಿಯಮವನ್ನು ಒದ್ದೆಯಾಗಿ ತಗಲಿದ ಎಲ್ಲದಕ್ಕೂ ಅನ್ವಯಿಸುತ್ತಾರೆ. ಬೆಂಗಳೂರಿನ ಕಡೆ ಹೆಚ್ಚಾಗಿರುವ ಹನಫಿಗಳಲ್ಲಿ ಜೊಲ್ಲು ಮಾತ್ರ ಅಶುದ್ಧ, ಒಣ ಮೈ ತಗಲಿದರೆ ಏನೂ ಆಗದು. ಇಮಾಮ್ ಮಾಲಿಕ್(ರ)ರಂತೂ ಜೀವಂತ ನಾಯಿಯನ್ನು ಅಶುದ್ಧವೆಂದೇ ಪರಿಗಣಿಸಲಿಲ್ಲ. ಈ ಭಿನ್ನಾಭಿಪ್ರಾಯಗಳನ್ನು ಇತ್ಯರ್ಥಗೊಳಿಸುವುದು ಈ ಪಾಠದ ಉದ್ದೇಶವಲ್ಲ. ಆದರೆ ಆ ಹದೀಸ್ ಹೇಳುವುದು ಪಾತ್ರೆಯ ಬಗ್ಗೆ ಎಂಬುದನ್ನು ನೆನಪಿಡಿ. ತೆರೆದ ಗಾಯಕ್ಕೆ ಮಣ್ಣು ಉಜ್ಜಿದರೆ ಧನುರ್ವಾಯುವನ್ನು ಕೈಬೀಸಿ ಕರೆದಂತೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಶುದ್ಧಿಯ ನಿಯಮವನ್ನು ಗಾಯದ ಮೇಲೆ ಹೇರಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಹದೀಸ್ ಗ್ರಂಥಗಳಲ್ಲೇ ಮನಕಲಕುವ ಒಂದು ಘಟನೆಯಿದೆ. ಹ. ಜಾಬಿರ್(ರ) ಅದನ್ನು ವರದಿ ಮಾಡಿರುವರು (ಅಬೂದಾವೂದ್). ಪ್ರಯಾಣದಲ್ಲಿದ್ದ ಒಂದು ತಂಡದಲ್ಲಿ ಒಬ್ಬರ ತಲೆಗೆ ಕಲ್ಲು ಬಿದ್ದು ಗಾಯವಾಗಿತ್ತು. ಆ ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ತನಗೆ ತಯಮ್ಮುಮ್‌ನ ರಿಯಾಯಿತಿ ಇದೆಯೇ ಎಂದು ಸಂಗಡಿಗರನ್ನು ಕೇಳಿದರು. ನೀರು ಸಿಗುತ್ತಿರುವಾಗ ರಿಯಾಯಿತಿ ಎಲ್ಲಿಯದು ಎಂದರು ಅವರು. ಆ ವ್ಯಕ್ತಿ ಸ್ನಾನ ಮಾಡಿದರು, ಮೃತಪಟ್ಟರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಬಹಳ ಕಟುವಾಗಿ ಪ್ರತಿಕ್ರಿಯಿಸಿದರು. ಅವನನ್ನು ಕೊಂದವರು ಇವರೇ ಎಂದರು. ತಿಳಿಯದಿದ್ದರೆ ಕೇಳಬೇಕಿತ್ತು, ಅಜ್ಞಾನಕ್ಕೆ ಮದ್ದು ಕೇಳುವುದೇ ಆಗಿದೆ ಎಂಬರ್ಥದ ಮಾತು ಹೇಳಿದರು.

ಆ ಸಂಗಡಿಗರು ಕೆಟ್ಟವರಾಗಿರಲಿಲ್ಲ. ಧರ್ಮನಿಷ್ಠೆಯಿಂದಲೇ ಹಾಗೆ ಹೇಳಿದ್ದರು. ನಾಯಿ ಕಚ್ಚಿದ ಮಗುವನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಬಟ್ಟೆ ಎಷ್ಟು ಬಾರಿ ಒಗೆಯಬೇಕೆಂದು ಚರ್ಚಿಸುವ ನಾವೂ ಹಾಗೆಯೇ ಅಲ್ಲವೇ?

ಕಚ್ಚಿದೊಡನೆ ಮಾಡಬೇಕಾದುದು

ಹರಿಯುವ ನೀರಿನ ಕೆಳಗೆ ಗಾಯವಿಟ್ಟು ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ. ಏಕೆಂದರೆ ಅಳುವ ಮಗುವಿನ ಮುಂದೆ ಎರಡು ನಿಮಿಷವೂ ಹದಿನೈದರಂತೆ ಅನಿಸುತ್ತದೆ. ಈ ವೈರಸ್‌ಗೆ ಕೊಬ್ಬಿನಂಶದ ಒಂದು ಹೊದಿಕೆಯಿದೆ. ಸಾಬೂನು ಅದನ್ನು ಕರಗಿಸುತ್ತದೆ. ಅದು ಕರಗಿದರೆ ವೈರಸ್ ನಿಷ್ಕ್ರಿಯವಾಗುತ್ತದೆ. ಮೆಣಸಿನ ಪುಡಿ, ಸುಣ್ಣ, ಅರಸಿನ, ಕಾಫಿಪುಡಿ ಯಾವುದೂ ಬೇಡ. ಗಾಯಕ್ಕೆ ಬಿಗಿಯಾದ ಪಟ್ಟಿಯೂ ಬೇಡ.

ಇನ್ನು ಊದಿಸುವುದು, ನೀರು ಮಂತ್ರಿಸುವುದು. ಪ್ರಾರ್ಥನೆಯನ್ನು ನಾವು ಅಲ್ಲಗಳೆಯುವುದಿಲ್ಲ. ಫಾತಿಹಾ ಓದಿ ಊದಿ, ಆಟೋದಲ್ಲಿ ಕುಳಿತು ಆಸ್ಪತ್ರೆಗೆ ಹೋಗುತ್ತಲೇ ಊದಿ. ಔಷಧೋಪಚಾರ ಮಾಡಿಕೊಳ್ಳಿ, ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ ಎಂದು ಕಲಿಸಿದವರೂ ಪ್ರವಾದಿವರ್ಯರೇ(ಸ) ತಾನೇ? ಮೂರು ದಿನದ ತಾಯತವೆಂದು ಯಾರಾದರೂ ನಿಮ್ಮನ್ನು ತಡೆದು ನಿಲ್ಲಿಸಿದರೆ ಅವರು ಧರ್ಮವನ್ನೂ ತಿಳಿದವರಲ್ಲ, ರೋಗವನ್ನೂ ತಿಳಿದವರಲ್ಲ.

ಮಾಕಳಿಯಲ್ಲಿ ಹಿಮಾಲಯ ಕಂಪೆನಿಯ ಔಷಧ ಕಾರ್ಖಾನೆಯಿದೆ. ಅಂತಹ ಊರಿನಲ್ಲೂ ಔಷಧವೆಂದರೆ ಹೆದರುವ ಮನೆಗಳಿರುವುದು ವಿಚಿತ್ರವಾದರೂ ಸತ್ಯ. ಹತ್ತಿರದ ನೆಲಮಂಗಲದಲ್ಲಿ ತಾಲೂಕು ಆಸ್ಪತ್ರೆಯಿದೆ, ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಆಸ್ಪತ್ರೆಯಿದೆ. ಹೊಕ್ಕುಳ ಸುತ್ತ ಕೊಡುತ್ತಿದ್ದ ಹದಿನಾಲ್ಕು ಸೂಜಿಯ ಕಾಲ ಮುಗಿದಿದೆ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯ ಉತ್ಪಾದನೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತಿತು. ಈಗಿನದು ತೋಳಿಗೆ ಕೊಡುವ ಚುಚ್ಚುಮದ್ದು. ಚರ್ಮದೊಳಗೆ ಕೊಡುವುದಾದರೆ ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನ. ಮಾಂಸಖಂಡಕ್ಕಾದರೆ 14ನೆಯ ದಿನವೂ ಸೇರುತ್ತದೆ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ಇಮ್ಯುನೊಗ್ಲಾಬುಲಿನ್ ಎಂಬ ಮದ್ದನ್ನು ಗಾಯದ ಒಳಗೂ ಸುತ್ತಲೂ ಕೊಡಬೇಕಾಗುತ್ತದೆ. ಲಸಿಕೆಯ ಬಲ ಮೈಯಲ್ಲಿ ಹುಟ್ಟಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಕಾವಲಿರುವುದು ಇದೇ. ಮುಖ, ಕತ್ತು, ಕೈಬೆರಳಿನ ಕಡಿತದಲ್ಲಂತೂ ಇದರ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ಅಲ್ಲಿ ದೊರೆಯದಿದ್ದರೆ ಎಲ್ಲಿ ದೊರೆಯುತ್ತದೆಂದು ಕೇಳಿ ಅಂದೇ ಹೋಗಿ.

"ಸಾಕಿದ ನಾಯಿ, ಅದಕ್ಕೆ ಲಸಿಕೆ ಆಗಿದೆ" ಎಂಬ ಮಾಲಕನ ಮಾತನ್ನು ನಂಬಿ ಕೂರಬೇಡಿ. ಹತ್ತು ದಿನ ನಾಯಿಯ ಮೇಲೆ ಕಣ್ಣಿಡುವುದು ಒಳ್ಳೆಯದೇ, ಆದರೆ ಮೊದಲ ಸೂಜಿ ಅದಕ್ಕಾಗಿ ಕಾಯಬಾರದು. ಬೆಕ್ಕು, ಕೋತಿ ಕಚ್ಚಿದರೂ ಇದೇ ಕ್ರಮ.

ನಾಯಿಯ ಮೇಲಿನ ಸಿಟ್ಟು

ಬೆಂಗಳೂರಿನ ಜನರ ಸಿಟ್ಟಿಗೆ ಕಾರಣವಿಲ್ಲದಿಲ್ಲ. 2007ರ ಆರಂಭದಲ್ಲಿ ಎರಡು ತಿಂಗಳ ಅಂತರದಲ್ಲಿ ಇಬ್ಬರು ಪುಟ್ಟ ಮಕ್ಕಳನ್ನು ನಾಯಿಗಳ ಹಿಂಡು ಕೊಂದಿತ್ತು. 2024ರ ಆಗಸ್ಟ್‌ನಲ್ಲಿ ಜಾಲಹಳ್ಳಿಯ ವಾಯುಪಡೆ ವಸತಿ ಆವರಣದಲ್ಲಿ ಬೆಳಗಿನ ನಡಿಗೆಗೆ ಹೋಗಿದ್ದ ನಿವೃತ್ತ ಶಿಕ್ಷಕಿಯೊಬ್ಬರು, 2025ರ ಜುಲೈಯಲ್ಲಿ ಕೊಡಿಗೇಹಳ್ಳಿಯ ಟೆಲಿಕಾಂ ಬಡಾವಣೆಯಲ್ಲಿ ವೃದ್ಧರೊಬ್ಬರು ಇದೇ ರೀತಿ ಪ್ರಾಣ ಕಳೆದುಕೊಂಡರು. ಎರಡೂ ನಮ್ಮ ಉತ್ತರ ಬೆಂಗಳೂರಿನವೇ. ಫಜ್ರ್‌ಗೆ ಹೋಗುವ ಹಿರಿಯರು ಕೈಯಲ್ಲಿ ಕೋಲು ಹಿಡಿದರೆ ಯಾರೂ ನಗಬಾರದು.

ಆದರೆ 2007ರಲ್ಲಿ ಏನಾಯಿತು? ನಾಯಿಗಳನ್ನು ಹಿಡಿಹಿಡಿದು ಕೊಲ್ಲಲಾಯಿತು. ಅದರಿಂದ ನಗರದಲ್ಲಿ ನಾಯಿ ಕಡಿಮೆಯಾಯಿತೇ? ಖಾಲಿಯಾದ ಬೀದಿಗೆ, ಅಲ್ಲಿ ತಿನ್ನಲು ಸಿಗುವವರೆಗೂ, ಹೊಸ ನಾಯಿ ಬರುತ್ತದೆ. ಮದೀನಾದಲ್ಲೂ ಒಂದು ಹಂತದಲ್ಲಿ ನಾಯಿಗಳನ್ನು ಕೊಲ್ಲುವ ಆದೇಶವಿತ್ತು, ಬಳಿಕ ಪ್ರವಾದಿವರ್ಯರೇ(ಸ) ಅದನ್ನು ತಡೆದರು (ಮುಸ್ಲಿಮ್). ನಾಯಿಗಳೂ ಸಮುದಾಯಗಳಲ್ಲೊಂದು ಸಮುದಾಯ ಎಂದು ತಿಳಿಸಿದರು. ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ ಬಾಯಾರಿದ ನಾಯಿಗೆ ಕುಡಿಸಿದವನ ಪಾಪ ಕ್ಷಮಿಸಲ್ಪಟ್ಟ ವಾರ್ತೆ ನಮ್ಮ ಮಕ್ಕಳಿಗೂ ಬಾಯಿಪಾಠ. ಇದೇ ಬುಖಾರಿ, ಮುಸ್ಲಿಮ್‌ಗಳಲ್ಲಿ ಹರಮ್‌ನ ಆವರಣದಲ್ಲೂ ಕೊಲ್ಲಬಹುದಾದ ಐದು ಹಾನಿಕಾರಕ ಜೀವಿಗಳ ಪೈಕಿ ಕಚ್ಚುವ ನಾಯಿಯನ್ನೂ ಎಣಿಸಲಾಗಿದೆ. ಜನರ ಮೇಲೆರಗುವ, ಗಾಯಗೊಳಿಸುವ, ಹೆದರಿಸುವ ಎಲ್ಲ ಪ್ರಾಣಿಗಳೂ ಇದರಲ್ಲಿ ಸೇರುತ್ತವೆ ಎಂದು ಇಮಾಮ್ ಮಾಲಿಕ್(ರ) ವಿವರಿಸಿದರು. ಅಂದರೆ ದಾಳಿ ಮಾಡುವ ನಾಯಿ ಬೇರೆ, ದಾರಿಯಲ್ಲಿ ಮಲಗಿದ ನಾಯಿ ಬೇರೆ. ಅನ್ನದಲ್ಲಿ ವಿಷವಿಟ್ಟವನಿಗೆ ಈ ವ್ಯತ್ಯಾಸ ತಿಳಿಯದು, ವಿಷಕ್ಕಂತೂ ತಿಳಿಯುವುದೇ ಇಲ್ಲ. ನಮ್ಮ ದೇಶದ ಕಾನೂನಿನಲ್ಲೂ ಅದು ಅಪರಾಧ. 2023ರ ನಿಯಮಗಳಂತೆ ನಾಯಿಗಳಿಗೆ ಸಂತಾನಶಕ್ತಿಹರಣ ಮತ್ತು ರೇಬೀಸ್ ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಮ್ ಕೋರ್ಟು ರೇಬೀಸ್ ತಗಲಿದ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬೀದಿಗೆ ಮರಳಿ ಬಿಡಬಾರದೆಂದಿತು. ಹತ್ತು ಮನೆಯವರು, ಎಲ್ಲ ಧರ್ಮದವರೂ ಸೇರಿ, ಸಹಿ ಮಾಡಿದ ದೂರನ್ನು ಕಚೇರಿಗೆ ಕೊಡುವುದು ಕಲ್ಲೆಸೆಯುವುದಕ್ಕಿಂತ ನಿಧಾನದ ದಾರಿ, ನಿಜ. ಆದರೆ ಕಲ್ಲು ತಿಂದ ನಾಯಿಯೇ ಮುಂದೆ ಬರುವ ಮಗುವನ್ನು ಕಚ್ಚುವುದು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ಕೋಳಿ, ಕುರಿ ಅಂಗಡಿಗಳಲ್ಲಿ ಅನೇಕವು ನಮ್ಮವರದೇ. ಕರುಳು, ಚರ್ಮವನ್ನು ರಾತ್ರಿ ಖಾಲಿ ನಿವೇಶನಕ್ಕೆ ಎಸೆಯುವುದು, ಬಕ್ರೀದಿನ ಮರುದಿನ ಚರಂಡಿಗೆ ಬಿಡುವುದು ನಾಯಿಗಳ ಹಿಂಡನ್ನು ನಾವೇ ಸಾಕಿದಂತೆ. ದಾರಿಯಿಂದ ತೊಂದರೆ ನಿವಾರಿಸುವುದು ಈಮಾನಿನ ಶಾಖೆಯೆಂದು ಜುಮಾದಲ್ಲಿ ಕೇಳಿ, ಶನಿವಾರ ಆ ಚೀಲ ಎಸೆಯುವುದು ಸರಿಯೇ? ಕಾವಲಿಗೆಂದು ನಾಯಿ ಸಾಕಿ ರಾತ್ರಿ ಬೀದಿಗೆ ಬಿಡುವವರೂ ಇದ್ದಾರೆ. ಹ. ಬರಾ(ರ)ರ ಒಂಟೆ ಬೇರೆಯವರ ತೋಟ ಹಾಳುಮಾಡಿದಾಗ, ರಾತ್ರಿ ಪ್ರಾಣಿಯಿಂದಾದ ನಷ್ಟಕ್ಕೆ ಅದರ ಮಾಲಕನೇ ಹೊಣೆಯೆಂಬ ತೀರ್ಪು ಬಂದಿತ್ತು. ತೋಟಕ್ಕೇ ಹಾಗಾದರೆ ಮಗುವಿನ ಕಾಲಿಗೆ?

ಇಂದು ರಾತ್ರಿಯೇ ಮಕ್ಕಳನ್ನು ಕೂರಿಸಿ ಹೇಳಿಕೊಡಿ. ನಾಯಿ ಬಂದರೆ ಓಡಬಾರದು, ಕಿರುಚಬಾರದು, ಕಣ್ಣಲ್ಲಿ ಕಣ್ಣಿಡಬಾರದು, ಕೈ ಇಳಿಬಿಟ್ಟು ಮರದಂತೆ ನಿಲ್ಲಬೇಕು. ಬಿದ್ದುಬಿಟ್ಟರೆ ಮುದುಡಿ, ಕೈಗಳಿಂದ ಕತ್ತು ಕಿವಿ ಮುಚ್ಚಿಕೊಳ್ಳಬೇಕು. ತಿನ್ನುತ್ತಿರುವ, ಮಲಗಿರುವ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು. ಹೇಳುವುದಷ್ಟೇ ಸಾಲದು, ಅಂಗಳದಲ್ಲಿ ನಿಲ್ಲಿಸಿ ಆಡಿಸಿ ಕಲಿಸಿ. ಬಳಿಕ, "ಕಚ್ಚಿದರೆ, ಉಗುರು ತಗಲಿದರೂ, ನಮಗೆ ಹೇಳು. ಬೈಯುವುದಿಲ್ಲ, ಮುಸಲ್ಲಾದಿಂದ ಎಬ್ಬಿಸುವುದಿಲ್ಲ" ಎಂದು ಮಾತು ಕೊಡಿ. ಕೊಟ್ಟ ಮಾತು ಉಳಿಸಿಕೊಳ್ಳಿ.

ಒಂದು ಸೂಜಿ ಹಾಕಿಸಿ, ಜ್ವರವಿಲ್ಲ, ಗಾಯ ಮಾಗಿತು ಎಂದು ಉಳಿದವನ್ನು ಬಿಡುವವರು ಬಹಳ. 28ನೆಯ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದು ರಮಝಾನಿನಲ್ಲಿ ಬಂದರೂ ತಪ್ಪಿಸಬೇಡಿ. ಪೋಷಣೆಗಲ್ಲದ ಇಂತಹ ಚುಚ್ಚುಮದ್ದಿನಿಂದ ಉಪವಾಸ ಭಂಗವಾಗದೆಂಬುದು ಇಂದಿನ ಬಹುತೇಕ ವಿದ್ವಾಂಸರ ಅಭಿಪ್ರಾಯ. ಮನಸ್ಸಿಗೆ ಸಮಾಧಾನವಾಗದಿದ್ದರೆ ನಿಮ್ಮ ಮಸೀದಿಯ ಇಮಾಮರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.