ನಮ್ಮ ಯಜಮಾನರು

ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಲ್ಲಿ ಗಂಡನ ಹೆಸರು ಹೇಳಿ ಕರೆಯುವ ಹೆಣ್ಣುಮಕ್ಕಳು ಕಡಿಮೆ. ಯಾರಾದರೂ ಮನೆಗೆ ಬಂದು ಕೇಳಿದರೆ "ನಮ್ಮ ಯಜಮಾನ್ರು ತೋಟಕ್ಕೆ ಹೋಗಿದಾರೆ" ಎನ್ನುತ್ತಾರೆ. ಕ್ರೈಸ್ತರ ಮನೆಗಳಲ್ಲೂ ಈ ರೂಢಿ ಇದೆ. ಯಜಮಾನ ಎಂಬ ಪದಕ್ಕೆ ಸಂಸ್ಕೃತದಲ್ಲಿ ಮೊದಲಿದ್ದ ಅರ್ಥ ಯಜ್ಞ ಮಾಡುವವನು, ತನ್ನ ಸ್ವತ್ತಿನಿಂದ ಬಲಿ ಅರ್ಪಿಸುವವನು ಎಂದು. ಕಾಲಕ್ರಮದಲ್ಲಿ ಒಡೆಯ ಎಂಬ ಅರ್ಥ ಉಳಿಯಿತು, ಅರ್ಪಣೆಯ ಅರ್ಥ ಮರೆಯಾಯಿತು. ಭಾನುವಾರದ ಬಲಿಪೂಜೆಯಲ್ಲಿ ಪಾಲ್ಗೊಳ್ಳುವ ನಮಗೆ ಆ ಮರೆತ ಅರ್ಥವೇ ಹತ್ತಿರವಾದುದು. ಕ್ರೈಸ್ತ ಪತಿಯ ನಾಯಕತ್ವ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಸಂತ ಪೌಲರ ಬೋಧನೆ

ಪತಿಯು ಪತ್ನಿಗೆ ಶಿರಸ್ಸು ಎಂದು ಸಂತ ಪೌಲರು ಎಫೆಸಿಯರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಹೇಳುತ್ತಾರೆ. ಮದುವೆಯ ಪೂಜೆಯಲ್ಲಿ ಈ ವಾಚನ ಕೇಳಿದ ಅನೇಕರಿಗೆ ನೆನಪಿರುವುದು ಈ ಒಂದು ಮಾತು ಮಾತ್ರ. ಆದರೆ ಬೋಧನೆ ಆರಂಭವಾಗುವುದು ಅದಕ್ಕೂ ಮೊದಲು, 21ನೇ ವಚನದಲ್ಲಿ. ಕ್ರಿಸ್ತರ ಮೇಲಿನ ಗೌರವದಿಂದ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎಂಬುದು ಅಲ್ಲಿನ ಸಾರ. ಪತ್ನಿಗೆ ಹೇಳಿದ್ದು ಮೂರು ವಚನಗಳಲ್ಲಿ ಮುಗಿಯುತ್ತದೆ. ಪತಿಗೆ ಹೇಳಿದ್ದು ಅದಕ್ಕಿಂತ ಬಹಳ ಹೆಚ್ಚು. ಕ್ರಿಸ್ತರು ಧರ್ಮಸಭೆಗಾಗಿ ಪ್ರಾಣ ಕೊಟ್ಟಂತೆ ಆತನೂ ಪತ್ನಿಗಾಗಿ ತನ್ನನ್ನೇ ಕೊಡಬೇಕು.

ನಮ್ಮ ಶಿರಸ್ಸಾದ ಯೇಸುಸ್ವಾಮಿ ಕಡೆಯ ಭೋಜನದ ರಾತ್ರಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರು (ಯೊವಾನ್ನ 13). ಶಿರಸ್ಸಾಗಿರುವುದು ಹೇಗೆಂದು ಕಲಿಯಲು ಇದಕ್ಕಿಂತ ಬೇರೆ ಪಾಠ ಬೇಕಿಲ್ಲ. ದಂಪತಿಗಳ ವಿಧೇಯತೆ ಒಮ್ಮುಖವಾದುದಲ್ಲ, ಪರಸ್ಪರವಾದುದು ಎಂದು ಪೋಪ್ ಎರಡನೇ ಜಾನ್ ಪಾಲ್, ಸ್ತ್ರೀಯ ಘನತೆಯನ್ನು ಕುರಿತ 1988ರ ಪತ್ರದಲ್ಲಿ ಸ್ಪಷ್ಟಪಡಿಸಿದ್ದಾರೆ. ದಾಂಪತ್ಯ ಜೀವನದ ವಿಷಯದಲ್ಲಿ ಇಬ್ಬರಿಗೂ ಸಮಾನ ಹಕ್ಕು, ಸಮಾನ ಕರ್ತವ್ಯ ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1135ನೇ ನಿಯಮವೂ ಹೇಳುತ್ತದೆ.

ಇಬ್ಬರ ಕಾವಲು

ಪೋಪ್ ಹನ್ನೊಂದನೇ ಪಯಸ್ ಕ್ರೈಸ್ತ ವಿವಾಹವನ್ನು ಕುರಿತ 1930ರ ಪತ್ರದಲ್ಲಿ ಪತಿಯನ್ನು ಕುಟುಂಬದ ಶಿರಸ್ಸಿಗೂ ಪತ್ನಿಯನ್ನು ಹೃದಯಕ್ಕೂ ಹೋಲಿಸಿದರು. ಆ ಹಳೆಯ ಪತ್ರದಲ್ಲೇ ಇನ್ನೊಂದು ಮಾತಿದೆ: ಪತಿ ತನ್ನ ಕರ್ತವ್ಯ ಮರೆತರೆ ಕುಟುಂಬವನ್ನು ನಡೆಸುವ ಹೊಣೆ ಪತ್ನಿಯದಾಗುತ್ತದೆ.

ಇದು ನಮ್ಮ ಜಿಲ್ಲೆಯ ಜನರಿಗೆ ಹೊಸ ಮಾತೇನಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಕಾವಲುಗಾರನಾಗಿದ್ದ ಗಂಡ ಊಟಕ್ಕೆ ಕುಳಿತಿದ್ದಾಗ ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳಿದರು. ನೀರಿಗೆ ಬಂದ ಓಬವ್ವ ಒನಕೆ ಹಿಡಿದು ಅವರನ್ನು ತಡೆದಳು ಎಂಬ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆ ಗಂಡ ಕರ್ತವ್ಯ ಮರೆತವನೇನಲ್ಲ. ಹೆಂಡತಿ ಕಾವಲು ನಿಂತದ್ದರಿಂದ ಅವನ ಮಾನ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ; ಕೋಟೆ ಉಳಿಯಿತೆಂದು ಹೇಳುತ್ತಾರೆ. ಮನೆಯ ಕಾವಲೂ ಹಾಗೆಯೇ.

ಯಾವುದರಲ್ಲಿ ಮುಂದಾಗಬೇಕು?

ಮೊದಲನೆಯದು ಪ್ರಾರ್ಥನೆ. ಸಂಜೆ ಜಪಸರಕ್ಕೆ ಮಕ್ಕಳನ್ನು ಕೂಗುವ ಕೆಲಸ ತಾಯಿಯದೇ ಆಗಿಬಿಟ್ಟಿದೆ. ತಂದೆ ಟಿ.ವಿ. ನಿಲ್ಲಿಸಿ, ಮೊಬೈಲ್ ಬದಿಗಿಟ್ಟು, ತಾನೇ ಮೊದಲು ಮೊಣಕಾಲೂರಿದರೆ ಮಕ್ಕಳನ್ನು ಕೂಗಬೇಕಾಗಿಯೇ ಇಲ್ಲ.

ಎರಡನೆಯದು ಹಣಕಾಸು. ಒಂದು ಕೊಳವೆಬಾವಿ ಬತ್ತಿತೆಂದು ಇನ್ನೊಂದನ್ನು ಕೊರೆಸಲು ಹೆಂಡತಿಗೆ ತಿಳಿಸದೆ ಕೈಸಾಲ ಮಾಡುವವರಿದ್ದಾರೆ. ಸಾಲಗಾರ ಬಾಗಿಲಿಗೆ ಬಂದ ದಿನವೇ ಆಕೆಗೆ ವಿಷಯ ತಿಳಿಯುವುದು. ಅಡಿಕೆ ಮಾರಿದ ದುಡ್ಡು ಎಷ್ಟು, ಇರುವ ಸಾಲ ಎಷ್ಟು, ಮಗಳನ್ನು ಮುಂದೆ ಓದಿಸಲು ಎಷ್ಟು ಬೇಕು ಎಂಬುದನ್ನು ಇಬ್ಬರೂ ಕುಳಿತು ಲೆಕ್ಕ ಹಾಕಬೇಕು. ಲೆಕ್ಕ ಮುಚ್ಚಿಡುವವನು ಮನೆಯನ್ನು ಕಾಯಲಾರ.

ಮೂರನೆಯದು ತ್ಯಾಗ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. ಸರ್ಕಾರ ಬಿಡಿಸಲಾಗದ್ದನ್ನು ಒಬ್ಬ ತಂದೆ ಮಕ್ಕಳ ಮುಖ ನೋಡಿ ಬಿಟ್ಟರೆ ಅದೇ ಅವನು ಅರ್ಪಿಸುವ ಬಲಿ. ತನ್ನಿಂದ ಆಗದಿದ್ದರೆ ಗುರುಗಳ ಹತ್ತಿರ, ವೈದ್ಯರ ಹತ್ತಿರ ಹೋಗಲು ನಾಚಬಾರದು.

ನಾಲ್ಕನೆಯದು ಕ್ಷಮೆ. ತಪ್ಪು ತನ್ನದಾದಾಗ ಮಕ್ಕಳ ಮುಂದೆಯೇ ಹೆಂಡತಿಯ ಕ್ಷಮೆ ಕೇಳುವ ತಂದೆ ಮಕ್ಕಳ ಕಣ್ಣಲ್ಲಿ ಸಣ್ಣವನಾಗುವುದಿಲ್ಲ.

ಕೈ ಎತ್ತುವವನಿಗೆ

ಹೆಂಡತಿಯನ್ನು ಹೊಡೆದು, "ಬೈಬಲ್ಲೇ ಹೇಳಿದೆ" ಎನ್ನುವವನು ಪೌಲರನ್ನು ಓದಿಲ್ಲ. ಸ್ವಂತ ದೇಹದಂತೆ ಪತ್ನಿಯನ್ನು ಪೋಷಿಸಬೇಕೆಂಬುದೂ ಅದೇ ಅಧ್ಯಾಯದಲ್ಲಿದೆ. ಪೋಪ್ ಫ್ರಾನ್ಸಿಸ್, ಸಂತ ಜೋಸೆಫರ ಹಬ್ಬವಾದ 2016ರ ಮಾರ್ಚ್ 19ರ ದಿನಾಂಕವಿರುವ ಕುಟುಂಬ ಕುರಿತ ಪತ್ರದಲ್ಲಿ, ಹೆಂಗಸಿನ ಮೇಲೆ ಕೈ ಮಾಡುವುದು ಗಂಡಸುತನವಲ್ಲ, ಹೇಡಿತನ ಎಂಬ ಅರ್ಥದಲ್ಲಿ ಬರೆದರು. ಪತ್ನಿಯನ್ನೂ ಮಕ್ಕಳನ್ನೂ ಹಿಂಸೆಯಿಂದ ಪಾರುಮಾಡಲು ಬೇರೆ ವಾಸ ಅನಿವಾರ್ಯವಾಗಬಹುದು, ನೈತಿಕವಾಗಿ ಅಗತ್ಯವೂ ಆಗಬಹುದು ಎಂದೂ ಹೇಳಿದರು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ ನಮ್ಮ ಹೆಣ್ಣುಮಕ್ಕಳಿಗೂ ಇದೆ. ಮಹಿಳಾ ಸಹಾಯವಾಣಿ 181 ಇದೆ. ನೊಂದು ಬಂದ ತಂಗಿಗೆ "ಸಹಿಸಿಕೋ, ನಿನ್ನ ಶಿಲುಬೆ" ಎಂದಷ್ಟೇ ಹೇಳಿ ಅದೇ ಮನೆಗೆ ಕಳುಹಿಸಬೇಡಿ.

ಸಂತ ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ದೂತನ ಎಚ್ಚರಿಕೆ ಬಂದಾಗ ರಾತ್ರಿಯಲ್ಲೇ ಎದ್ದು, ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರೆಂಬುದು ದಾಖಲಾಗಿದೆ (ಮತ್ತಾಯ 2). ನಜರೇತಿನ ಮನೆಯ ಯಜಮಾನರು ಅವರು.

ದಂಪತಿಗಳ ಚಿಂತನೆಗೆ

1. ನಮ್ಮ ಮನೆಯ ಸಾಲ, ಉಳಿತಾಯ ಎರಡೂ ಇಬ್ಬರಿಗೂ ಗೊತ್ತಿವೆಯೇ?
2. ಕಳೆದ ವಾರ ನಮ್ಮ ಮನೆಯಲ್ಲಿ ಪ್ರಾರ್ಥನೆ ಆರಂಭಿಸಿದವರು ಯಾರು?
3. ನನ್ನ ಹೆಜ್ಜೆಯ ಸಪ್ಪಳ ಕೇಳಿದಾಗ ಮಕ್ಕಳು ಓಡಿ ಬರುತ್ತಾರೆಯೇ, ಒಳಗೆ ಹೋಗುತ್ತಾರೆಯೇ?

ಪ್ರಾರ್ಥನೆ: ಪ್ರಭು ಯೇಸುವೇ, ಧರ್ಮಸಭೆಗಾಗಿ ನಿಮ್ಮನ್ನೇ ಅರ್ಪಿಸಿದಿರಿ. ನಮ್ಮ ಮನೆಗಳ ಯಜಮಾನರಿಗೆ ನಿಮ್ಮ ಹೃದಯವನ್ನು ದಯಪಾಲಿಸಿರಿ. ಸಂತ ಜೋಸೆಫರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.